ನೀರಿನ ವಿಜ್ಞಾನದಲ್ಲಿ ಉನ್ನತ ಸಂಶೋಧನೆ: ರೈತರ ಮಕ್ಕಳಿಗೆ ಇರುವ ಅವಕಾಶಗಳು



ಪದವಿ ಮುಗಿಸಿದ ಮಗನೋ ಮಗಳೋ ಮನೆಯಲ್ಲಿದ್ದರೆ "ಮುಂದೇನು?" ಎಂಬ ಪ್ರಶ್ನೆ ಏಳದೆ ಇರುವುದಿಲ್ಲ. ಸಿಕ್ಕ ಕೆಲಸಕ್ಕೆ ಸೇರಲಿ ಎಂದು ಒಬ್ಬರು ಹೇಳಿದರೆ, ಇನ್ನೂ ಓದಲಿ ಎಂದು ಮತ್ತೊಬ್ಬರು ಹೇಳುತ್ತಾರೆ. ಓದುವುದಾದರೆ ಯಾವ ವಿಷಯ, ಎಲ್ಲಿ, ಎಷ್ಟು ವರ್ಷ, ಯಾರ ಖರ್ಚಿನಲ್ಲಿ ಎಂಬುದು ತಿಳಿಯದೆ ಬಹಳ ಮನೆಗಳಲ್ಲಿ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಈ ಲೇಖನದಲ್ಲಿ ಅಂತಹ ಒಂದು ವಿಷಯವನ್ನು ಕುರಿತು ವಿವರವಾಗಿ ತಿಳಿಸಲಾಗಿದೆ. ಅದೇ ಜಲವಿಜ್ಞಾನ ಹಾಗೂ ಪರಿಸರ ವಿಜ್ಞಾನ. ಸರಳವಾಗಿ ಹೇಳುವುದಾದರೆ ಕೆರೆ, ಹೊಳೆ, ಬಾವಿ, ಅಳಿವೆ ಮತ್ತು ಸಮುದ್ರದ ನೀರನ್ನೂ, ಅದರಲ್ಲಿ ಬದುಕುವ ಜೀವಿಗಳನ್ನೂ, ಆ ನೀರು ಕೆಡುವ ಮತ್ತು ಸುಧಾರಿಸುವ ಬಗೆಯನ್ನೂ ಅಭ್ಯಾಸ ಮಾಡುವ ಶಾಸ್ತ್ರ.

ಬೇಸಾಯಶಾಸ್ತ್ರದವನಾದ ನಾನು ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ನಮ್ಮ ಹೊಲಗಳಿಗೆ ಹಾಕಿದ ಗೊಬ್ಬರದ ಒಂದು ಪಾಲು ಕೊನೆಗೆ ಸೇರುವುದು ಕೆರೆಗೆ ಅಥವಾ ಅಂತರ್ಜಲಕ್ಕೆ. ಕೆರೆಯ ನೀರು ತಿರುಗಿ ಬರುವುದು ನಮ್ಮ ಅಚ್ಚುಕಟ್ಟಿಗೆ. ಹೀಗಿರುವಾಗ ನೀರಿನ ವಿಜ್ಞಾನ ಪಟ್ಟಣದವರ ವಿಷಯವೆಂದು ರೈತರು ದೂರ ಕೂರುವಂತಿಲ್ಲ.

ಒಂದು ಪಾಠ: ಮೀನು ಬೆಳಗಿನ ಜಾವದಲ್ಲೇ ಸಾಯುವುದೇಕೆ?

ಈ ವಿಜ್ಞಾನ ಎಂತಹುದೆಂದು ತಿಳಿಯಲು ಮೀನು ಸಾಕುವ ರೈತರೆಲ್ಲರೂ ಕಂಡಿರುವ ಒಂದು ಸಂಗತಿಯನ್ನು ತೆಗೆದುಕೊಳ್ಳೋಣ. ಎರಡು ಮೂರು ದಿನ ಮೋಡ ಕವಿದು, ಗಾಳಿ ಬೀಸದೆ, ಹವೆ ಬಿಗಿಯಾಗಿದ್ದರೆ ಬೆಳಗಿನ ಜಾವ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ಬಿಸಿಲೇರುವ ಹೊತ್ತಿಗೆ ದೊಡ್ಡ ಮೀನುಗಳು ಸತ್ತು ತೇಲುತ್ತವೆ. ಯಾರೋ ವಿಷ ಹಾಕಿರಬೇಕೆಂದು ಊರಿನಲ್ಲಿ ಅನುಮಾನ ಹುಟ್ಟುತ್ತದೆ. ಅನೇಕ ಸಂದರ್ಭಗಳಲ್ಲಿ ಅಲ್ಲಿ ವಿಷವೇನೂ ಇರುವುದಿಲ್ಲ; ಇರುವುದು ಉಸಿರಿನ ಕೊರತೆ.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿ.ಗ್ರಾಂ ಆಮ್ಲಜನಕವಿರುತ್ತದೆ. ಆದರೆ 30 ಡಿಗ್ರಿ ಸೆಲ್ಷಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಕರಗಿಸಿಕೊಳ್ಳಬಲ್ಲುದು ಸುಮಾರು 7.5 ಮಿ.ಗ್ರಾಂ ಮಾತ್ರ. ಮೀನು ಈ ಅಲ್ಪ ಪ್ರಮಾಣದಲ್ಲೇ ಬದುಕಬೇಕು. ಗೆಂಡೆ ಜಾತಿಯ ಮೀನುಗಳು ಚೆನ್ನಾಗಿ ಬೆಳೆಯಲು ಲೀಟರಿಗೆ 5 ಮಿ.ಗ್ರಾಂಗಿಂತ ಹೆಚ್ಚು ಆಮ್ಲಜನಕ ಬೇಕು. ಅದು 3 ಮಿ.ಗ್ರಾಂಗಿಂತ ಕೆಳಗಿಳಿದರೆ ಅವು ಬಳಲುತ್ತವೆ, 1 ಮಿ.ಗ್ರಾಂ ಹತ್ತಿರಕ್ಕೆ ಬಂದು ಕೆಲವು ಗಂಟೆ ನಿಂತರೆ ಸಾಯುತ್ತವೆ.

ನೀರನ್ನು ಹಸಿರಾಗಿಸುವ ಸೂಕ್ಷ್ಮ ಪಾಚಿ ಹಗಲಿನಲ್ಲಿ ಬಿಸಿಲಿನ ಸಹಾಯದಿಂದ ಆಹಾರ ತಯಾರಿಸುತ್ತಾ ಆಮ್ಲಜನಕವನ್ನು ಬಿಡುತ್ತದೆ. ಆದ್ದರಿಂದ ಮಧ್ಯಾಹ್ನ ಎರಡು ಮೂರು ಗಂಟೆಯ ವೇಳೆಗೆ ನೀರಿನಲ್ಲಿ ಆಮ್ಲಜನಕ ಅತಿ ಹೆಚ್ಚು. ರಾತ್ರಿಯಾದೊಡನೆ ಈ ಉತ್ಪಾದನೆ ನಿಲ್ಲುತ್ತದೆ. ಆದರೆ ಪಾಚಿ, ಮೀನು, ತಳದ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಎಲ್ಲವೂ ಉಸಿರಾಡುತ್ತಲೇ ಇರುತ್ತವೆ. ಹೀಗಾಗಿ ಸೂರ್ಯೋದಯಕ್ಕೆ ಸ್ವಲ್ಪ ಮೊದಲು ಆಮ್ಲಜನಕ ಅತಿ ಕಡಿಮೆ. ಮೋಡದ ದಿನ ಹಗಲಿನ ಗಳಿಕೆಯೇ ಕಡಿಮೆ. ರಾತ್ರಿಯ ಖರ್ಚು ಮಾತ್ರ ಎಂದಿನಷ್ಟೇ. ನೀರು ಹೆಚ್ಚು ಹಸಿರಾದಷ್ಟೂ ಈ ಅಪಾಯವೂ ಹೆಚ್ಚು.

ಚರಂಡಿ ನೀರು ಸೇರಿದ ಕೆರೆಗಳಲ್ಲಿ ಪರಿಸ್ಥಿತಿ ಇನ್ನೂ ಕಠಿಣ. ಕೊಳಚೆಯನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಇದ್ದ ಆಮ್ಲಜನಕವನ್ನೂ ಬಳಸಿಬಿಡುತ್ತವೆ. 2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ಹಲವರ ನೆನಪಿನಲ್ಲಿರಬಹುದು. ಬೇಸಿಗೆಯ ಬಿಸಿ ನೀರು, ಅದಕ್ಕೆ ಸೇರುವ ಕೊಳಚೆ, ಕುಗ್ಗುವ ಆಮ್ಲಜನಕ, ಈ ಮೂರೂ ಒಟ್ಟಿಗೆ ಬಂದರೆ ಇಂತಹ ಅನಾಹುತ ಯಾವ ಊರಿನ ಕೆರೆಯಲ್ಲಾದರೂ ಆಗಬಹುದು.

ಇಂತಹ ಮುನ್ಸೂಚನೆ ಕಂಡ ದಿನ ಮೀನಿಗೆ ಆಹಾರ ಹಾಕುವುದನ್ನೂ ಕೊಳಕ್ಕೆ ಸಗಣಿ ಸುರಿಯುವುದನ್ನೂ ನಿಲ್ಲಿಸಬೇಕು. ಪಂಪಿನಿಂದ ಕೊಳದ ನೀರನ್ನೇ ಎತ್ತಿ ತುಂತುರಾಗಿ ತಿರುಗಿ ಬೀಳುವಂತೆ ಮಾಡಬೇಕು. ಸಾಧ್ಯವಿದ್ದರೆ ಹೊಸ ನೀರು ಬಿಡಬೇಕು. ನೋಡಿ, ಕಾರಣ ಗೊತ್ತಾದೊಡನೆ ಉಪಾಯವೂ ಗೊತ್ತಾಯಿತು. ನೆರೆಯವನ ಮೇಲಿದ್ದ ಅನುಮಾನವೂ ಹೋಯಿತು. ಜಲಪರಿಸರದ ಸಂಶೋಧನೆಯೆಂದರೆ ಇಂತಹ ಕಾರಣಗಳನ್ನು ಅಳತೆ ಮಾಡಿ ಕಂಡುಹಿಡಿಯುವ ಕೆಲಸ.

ಹೊಲಕ್ಕೂ ಕೆರೆಗೂ ಇರುವ ಸಂಬಂಧ

ಪಾಚಿ ಅತಿಯಾಗಿ ಬೆಳೆಯಲು ಅದಕ್ಕೆ ಗೊಬ್ಬರ ಬೇಕು. ಅದು ಬರುವುದು ಊರಿನ ಬಚ್ಚಲು ನೀರು, ಸಾಬೂನಿನ ಪುಡಿ, ತಿಪ್ಪೆ ಮತ್ತು ನಮ್ಮ ಹೊಲಗಳಿಂದ. ನೀರು ನಿಲ್ಲಿಸಿದ ಭತ್ತದ ಗದ್ದೆಯಲ್ಲಿ ಹಾಕಿದ ಸಾರಜನಕದ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಸಾಮಾನ್ಯವಾಗಿ ಬೆಳೆಗೆ ದೊರೆಯುತ್ತದೆ. ಉಳಿದುದರಲ್ಲಿ ಸ್ವಲ್ಪ ಗಾಳಿಗೆ, ಸ್ವಲ್ಪ ಮಣ್ಣಿಗೆ, ಸ್ವಲ್ಪ ನೀರಿಗೆ ಹೋಗುತ್ತದೆ. ನೈಟ್ರೇಟ್ ರೂಪದ ಸಾರಜನಕ ನೀರಿನೊಡನೆ ಕೆಳಗಿಳಿದು ಬಾವಿಯನ್ನು ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ಮೀರಬಾರದೆಂದು ಭಾರತೀಯ ಮಾನಕದಲ್ಲಿ ಗೊತ್ತುಪಡಿಸಲಾಗಿದೆ. ಮಿತಿ ಮೀರಿದರೆ ಎಳೆಯ ಕೂಸುಗಳಿಗೆ ಅಪಾಯ.

ರಂಜಕದ ದಾರಿ ಬೇರೆ. ಅದು ಮಣ್ಣಿನ ಕಣಗಳಿಗೆ ಅಂಟಿಕೊಂಡು, ಮಳೆಗೆ ಕೊಚ್ಚಿದ ಮೇಲ್ಮಣ್ಣಿನೊಡನೆ ಕೆರೆಗೆ ಹೋಗುತ್ತದೆ. ಪಾಚಿಯ ಒಣತೂಕದಲ್ಲಿ ರಂಜಕದ ಪಾಲು ಸುಮಾರು ಶೇಕಡ 1ರಷ್ಟೇ. ಅಂದರೆ ಕೆರೆಗೆ ಸೇರಿದ 1 ಕಿ.ಗ್ರಾಂ ರಂಜಕ ಸುಮಾರು 100 ಕಿ.ಗ್ರಾಂ ಒಣ ಪಾಚಿಯ ಬೆಳವಣಿಗೆಗೆ ಸಾಕಾಗಬಲ್ಲುದು. ಬದು ಕಟ್ಟಿ ಮಣ್ಣು ಉಳಿಸಿದ ರೈತ ತನ್ನ ಗೊಬ್ಬರದ ಹಣವನ್ನು ಉಳಿಸುವುದರ ಜೊತೆಗೆ ಊರಿನ ಕೆರೆಯನ್ನೂ ಉಳಿಸುತ್ತಾನೆಂಬುದು ಈ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಸಂಶೋಧನೆಯಿಂದ ರೈತರಿಗೆ ಬಂದ ಲಾಭ

ಓದು ಬರಿಯ ಪುಸ್ತಕದ ಮಾತಲ್ಲವೆಂದು ತೋರಿಸಲು ಮೂರು ಉದಾಹರಣೆಗಳು ಸಾಕು.

ಮೊದಲನೆಯದು ಮೀನುಮರಿ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನ ಕೊಳಗಳಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ. ಹಿಂದೆ ಮಳೆಗಾಲದಲ್ಲಿ ನದಿಗಳಿಂದಲೇ ಮರಿಗಳನ್ನು ಹಿಡಿದು ತರಬೇಕಾಗಿತ್ತು. 1957ರ ಜುಲೈ 10ರಂದು ಒರಿಸ್ಸಾದಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಡಾ. ಅಲಿಕುನ್ಹಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಗೆಂಡೆ ಮೀನುಗಳು ಕೊಳದಲ್ಲೇ ಮೊಟ್ಟೆಯಿಡುವಂತೆ ಮಾಡುವುದರಲ್ಲಿ ಯಶಸ್ವಿಯಾದರು. ಇಂದು ನೀವು ಮೀನುಮರಿ ಉತ್ಪಾದನಾ ಕೇಂದ್ರದಿಂದ ತರುವ ಮರಿಗಳ ಹಿಂದೆ ಆ ಸಂಶೋಧನೆಯಿದೆ. ಅದರ ನೆನಪಿಗಾಗಿಯೇ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸಲಾಗುತ್ತಿದೆ.

ಎರಡನೆಯದು ಕೆರೆಯ ಕಳೆ. ನೇರಳೆ ಹೂ ಬಿಡುತ್ತಾ ಕೆರೆಯನ್ನೇ ಮುಚ್ಚುವ ಅಂತರಗಂಗೆ ಕಳೆ ದಕ್ಷಿಣ ಅಮೆರಿಕದಿಂದ ಬಂದುದು. ಅದನ್ನು ತಿನ್ನುವ ಮೂತಿ ಹುಳುಗಳನ್ನು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ತರಿಸಿ, ಬೇರೆ ಬೆಳೆಗಳಿಗೆ ಹಾನಿ ಮಾಡುವುದಿಲ್ಲವೆಂದು ಪರೀಕ್ಷಿಸಿ, ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟು ಕಳೆಯನ್ನು ಹತೋಟಿಗೆ ತಂದು ತೋರಿಸಿದರು. ಚರಂಡಿ ನೀರು ನಿಲ್ಲದ ಕೆರೆಗಳಲ್ಲಿ ಕಳೆ ಮತ್ತೆ ಚಿಗುರುತ್ತದೆ ಎಂಬುದು ಇದರಿಂದ ಕಲಿಯಬೇಕಾದ ಇನ್ನೊಂದು ಪಾಠ.

ಮೂರನೆಯದು ಚೌಳು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ಹೆಚ್ಚಾಗಿ, ಬಸಿಯದೆ ನಿಂತು, ಉಪ್ಪು ಮೇಲೆದ್ದು ಹೊಲಗಳು ಹಾಳಾದುದನ್ನು ಅಲ್ಲಿನ ರೈತರು ಬಲ್ಲರು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಚೌಳು ಭೂಮಿಯ ಸುಧಾರಣೆ ಹಾಗೂ ನೆಲದೊಳಗಿನ ಬಸಿಗಾಲುವೆ ಕುರಿತು ಸಂಶೋಧನೆಗಳು ನಡೆಯುತ್ತಾ ಬಂದಿವೆ. ಮಣ್ಣಿನ ಶಾಸ್ತ್ರ, ನೀರಿನ ಶಾಸ್ತ್ರ ಎಂಬ ಗೆರೆ ಇಲ್ಲಿ ಅಳಿಸಿಹೋಗುತ್ತದೆ.

ಉತ್ತರಕ್ಕಾಗಿ ಕಾದಿರುವ ಪ್ರಶ್ನೆಗಳು

ನಮ್ಮ ರಾಜ್ಯದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆಯೆಂದು ಲೆಕ್ಕ ಹಾಕಲಾಗಿದೆ, 300 ಕಿ.ಮೀ.ಗೂ ಮೀರಿದ ಕರಾವಳಿಯಿದೆ. ಪ್ರಶ್ನೆಗಳಿಗೆ ಬರವಿಲ್ಲ.

2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲು ಆರಂಭಿಸಲಾಯಿತು. ಮೊದಲು ತುಂಬಿದುದು ಲಕ್ಷ್ಮೀಸಾಗರ ಕೆರೆ. ಬತ್ತಿದ್ದ ಕೊಳವೆಬಾವಿಗಳಿಗೆ ನೀರು ಬಂದುದು ರೈತರಿಗೆ ಸಮಾಧಾನ ತಂದಿದೆ. ಅದರ ಜೊತೆಗೇ ಕೇಳಬೇಕಾದ ಪ್ರಶ್ನೆಗಳೂ ಇವೆ. ಈ ನೀರಿನಲ್ಲಿರುವ ಸಾರಜನಕ, ರಂಜಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಟೊಮ್ಯಾಟೊ, ಹಿಪ್ಪುನೇರಳೆ ಬೆಳೆಗಳಿಗೆ ಗೊಬ್ಬರವನ್ನು ಎಷ್ಟು ತಗ್ಗಿಸಬಹುದು? ಹತ್ತು ವರ್ಷಗಳ ನಂತರ ಮಣ್ಣಿನಲ್ಲಿ ಉಪ್ಪು ಮತ್ತು ಭಾರಲೋಹಗಳ ಪ್ರಮಾಣ ಏನಾಗುತ್ತದೆ? ಕೆರೆಯ ತಳದ ಮೂಲಕ ಇಳಿದ ನೀರು ಎಷ್ಟು ಶುದ್ಧವಾಗಿ ಬಾವಿ ತಲಪುತ್ತದೆ? ಇವುಗಳಿಗೆ ಒಂದು ದಿನದ ಪರೀಕ್ಷೆಯಿಂದ ಉತ್ತರ ಸಿಗುವುದಿಲ್ಲ. ವರ್ಷಗಟ್ಟಲೆ ಅದೇ ಬಾವಿ, ಅದೇ ಹೊಲದಿಂದ ಮಾದರಿ ತೆಗೆದು ನೋಡುವವರು ಬೇಕು.

ಬಯಲುಸೀಮೆಯ ಕೊಳವೆಬಾವಿಗಳ ಫ್ಲೋರೈಡ್, ಕರಾವಳಿಯ ಬಾವಿಗಳಿಗೆ ನುಗ್ಗುವ ಉಪ್ಪುನೀರು, ಮಲೆನಾಡಿನ ಹಳ್ಳಗಳಿಗೆ ಸೇರುವ ಕಾಫಿ ಪಲ್ಪಿಂಗ್ ನೀರು, ಅಳಿವೆಗಳಲ್ಲಿ ಕಡಿಮೆಯಾಗುತ್ತಿರುವ ಮೀನಿನ ಜಾತಿಗಳು, ಇವೆಲ್ಲವೂ ಇದೇ ಸಾಲಿನ ಪ್ರಶ್ನೆಗಳು.

ಯಾವ ಪದವಿಯವರು ಎಲ್ಲಿಗೆ ಸೇರಬಹುದು?

ಮೀನುಗಾರಿಕಾ ಪದವೀಧರರು: ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯವು 1969ರಲ್ಲಿ ಆರಂಭವಾಯಿತು, ದೇಶದಲ್ಲಿ ಇಂತಹ ಮೊದಲ ಮಹಾವಿದ್ಯಾಲಯವಿದು. ಮೊದಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಈಗ ಬೀದರಿನಲ್ಲಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಆಡಳಿತದಲ್ಲಿದೆ. ಇಲ್ಲಿ ನಾಲ್ಕು ವರ್ಷದ ಬಿ.ಎಫ್.ಎಸ್ಸಿ. ಪದವಿಯ ನಂತರ ಮೀನು ಕೃಷಿ, ಜಲಪರಿಸರ ನಿರ್ವಹಣೆ, ಮೀನು ಸಂಪನ್ಮೂಲ ನಿರ್ವಹಣೆ ಮುಂತಾದ ವಿಭಾಗಗಳಲ್ಲಿ ಎಂ.ಎಫ್.ಎಸ್ಸಿ. ಹಾಗೂ ಪಿಎಚ್.ಡಿ. ಮಾಡಬಹುದು. ಹೊರರಾಜ್ಯಕ್ಕೆ ಹೋಗಲು ಸಿದ್ಧರಿದ್ದರೆ, 1961ರಲ್ಲಿ ಸ್ಥಾಪನೆಯಾದ ಮುಂಬಯಿಯ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಿದೆ. ಅದಕ್ಕೆ 1989ರಿಂದ ವಿಶ್ವವಿದ್ಯಾಲಯದ ಸ್ಥಾನಮಾನವಿದೆ.

ಕೃಷಿ ಪದವೀಧರರು: ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಬೇಸಾಯಶಾಸ್ತ್ರ, ಮಣ್ಣುವಿಜ್ಞಾನ, ಕೃಷಿ ಸೂಕ್ಷ್ಮಜೀವಿಶಾಸ್ತ್ರ ಮುಂತಾದ ವಿಭಾಗಗಳಿಗೆ ಸೇರಿ, ನೀರಿಗೆ ಸಂಬಂಧಿಸಿದ ಪ್ರಶ್ನೆಯನ್ನೇ ಸಂಶೋಧನೆಗೆ ಆರಿಸಿಕೊಳ್ಳಬಹುದು.

ಕೃಷಿ ಇಂಜಿನಿಯರಿಂಗ್ ಮತ್ತು ಸಿವಿಲ್ ಇಂಜಿನಿಯರಿಂಗ್ ಪದವೀಧರರು: ರಾಯಚೂರಿನಲ್ಲಿ ಮಣ್ಣು ಮತ್ತು ನೀರು ಇಂಜಿನಿಯರಿಂಗ್ ವಿಷಯದಲ್ಲಿ ಎಂ.ಟೆಕ್. ಇದೆ. ಸುರತ್ಕಲ್‌ನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಲ್ಲಿ ಜಲಸಂಪನ್ಮೂಲ ಹಾಗೂ ಸಾಗರ ಇಂಜಿನಿಯರಿಂಗ್ ವಿಭಾಗವಿದ್ದು, ಅಲ್ಲಿಗೆ ಗೇಟ್ ಪರೀಕ್ಷೆಯ ಅಂಕಗಳು ಮುಖ್ಯ.

ಸಾಮಾನ್ಯ ಬಿ.ಎಸ್ಸಿ. ಪದವೀಧರರು: ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಓದಿದವರಿಗೂ ದಾರಿ ಮುಚ್ಚಿಲ್ಲ. ಮೈಸೂರು, ಬೆಂಗಳೂರು, ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಇದೆ. ಸಮುದ್ರದ ಜೀವಿಗಳಲ್ಲಿ ಆಸಕ್ತಿಯಿದ್ದವರಿಗೆ ಕಾರವಾರದಲ್ಲಿ ಕಡಲಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ. ಪಿಎಚ್.ಡಿ. ಹಂತದಲ್ಲಿ, 1983ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ, ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಮೊದಲಾದ ಹೆಸರಾಂತ ಸಂಸ್ಥೆಗಳಿಗೂ ಪ್ರಯತ್ನಿಸಬಹುದು.

ಅವಧಿ, ಪ್ರವೇಶ ಮತ್ತು ಶಿಷ್ಯವೇತನ

ಸ್ನಾತಕೋತ್ತರ ಪದವಿಗೆ ಎರಡು ವರ್ಷ, ಅದರ ನಂತರ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ ಬೇಕು. ವಾಸ್ತವದಲ್ಲಿ ನಾಲ್ಕು ಐದು ವರ್ಷವಾಗುವುದೂ ಉಂಟು. ಇಪ್ಪತ್ತೆರಡರಲ್ಲಿ ಪದವಿ ಮುಗಿಸಿದವರು ಡಾಕ್ಟರೇಟ್ ಪಡೆಯುವ ಹೊತ್ತಿಗೆ ಇಪ್ಪತ್ತೆಂಟು ಆಗಿರುತ್ತದೆಂದು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಕೃಷಿ ಮತ್ತು ಮೀನುಗಾರಿಕಾ ವಿಷಯಗಳಿಗೆ ಎರಡು ಬಾಗಿಲುಗಳಿವೆ. ಒಂದು, ಆಯಾ ವಿಶ್ವವಿದ್ಯಾಲಯ ಪ್ರತಿ ವರ್ಷ ಹೊರಡಿಸುವ ಪ್ರವೇಶ ಪ್ರಕಟಣೆ. ಎರಡು, ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಖಿಲ ಭಾರತ ಪ್ರವೇಶ ಪರೀಕ್ಷೆ. ಎರಡನೆಯದರಲ್ಲಿ ಉತ್ತಮ ಸ್ಥಾನ ಪಡೆದವರಿಗೆ ದೇಶದ ಬೇರೆ ವಿಶ್ವವಿದ್ಯಾಲಯಗಳಲ್ಲಿ ಸ್ಥಾನವೂ, ಅದರ ಜೊತೆಗೆ ಶಿಷ್ಯವೇತನವೂ ದೊರೆಯುವ ಅವಕಾಶವಿದೆ. ಆದ್ದರಿಂದ ಪದವಿಯ ಕೊನೆಯ ವರ್ಷದಲ್ಲಿಯೇ ಇದಕ್ಕೆ ಸಿದ್ಧತೆ ಆರಂಭಿಸತಕ್ಕದ್ದು.

ಪಿಎಚ್.ಡಿ.ಗೆ ಸೇರುವವರು ವಿಶ್ವವಿದ್ಯಾಲಯ ಅನುದಾನ ಆಯೋಗದ ಅಥವಾ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತಿನ 'ನೆಟ್' ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಶಿಷ್ಯವೇತನಕ್ಕೆ ಆಯ್ಕೆಯಾದರೆ ಖರ್ಚಿನ ಚಿಂತೆ ಬಹುಮಟ್ಟಿಗೆ ತಪ್ಪುತ್ತದೆ. 2023ರ ಜನವರಿಯಿಂದ ಈ ಶಿಷ್ಯವೇತನ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಹಿರಿಯ ಶಿಷ್ಯವೇತನಕ್ಕೆ ಏರಿದರೆ 42,000 ರೂಪಾಯಿ. ಇದಲ್ಲದೆ ಮನೆಬಾಡಿಗೆ ಭತ್ಯೆಯೂ ನಿಯಮಾನುಸಾರ ಇದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಯೋಜನೆಗಳಿವೆ. ಅವುಗಳ ವಿವರವನ್ನು ತಾಲ್ಲೂಕಿನ ಸಮಾಜ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಕಚೇರಿಗಳಲ್ಲಿ ವಿಚಾರಿಸಬಹುದು.

ಸಂಶೋಧನೆ ಹೇಗೆ ನಡೆಯುತ್ತದೆ?

ಮಗಳು ಎರಡು ವರ್ಷ ಅಲ್ಲಿ ಏನು ಮಾಡುತ್ತಾಳೆ ಎಂದು ಕೇಳುವ ಹಕ್ಕು ಮನೆಯವರಿಗಿದೆ. ಒಂದು ಊರ ಕೆರೆ ಏಕೆ ಹಸಿರಾಗುತ್ತಿದೆ ಎಂಬ ಪ್ರಶ್ನೆಯನ್ನು ಆಕೆ ಆರಿಸಿಕೊಂಡಳೆಂದು ಇಟ್ಟುಕೊಳ್ಳೋಣ.

ಮೊದಲ ವರ್ಷ ಹೆಚ್ಚಾಗಿ ತರಗತಿಗಳು. ಸಂಖ್ಯಾಶಾಸ್ತ್ರ, ನೀರಿನ ರಸಾಯನಶಾಸ್ತ್ರ, ಪ್ರಯೋಗಾಲಯದ ವಿಧಾನಗಳನ್ನು ಕಲಿಯಬೇಕು. ಒಬ್ಬರು ಮಾರ್ಗದರ್ಶಕರು ಮತ್ತು ಸಲಹಾ ಸಮಿತಿ ಸೇರಿ ಸಂಶೋಧನೆಯ ರೂಪುರೇಷೆಯನ್ನು ಒಪ್ಪುತ್ತಾರೆ. ಅನಂತರ ಕೆಲಸ ಕೆರೆಯ ಬಳಿಗೆ ಬರುತ್ತದೆ. ನೀರು ಬರುವ ಕಾಲುವೆ, ಕೆರೆಯ ನಡುವಣ ಭಾಗ, ತೂಬು ಮತ್ತು ಕೋಡಿ, ಹೀಗೆ ನಾಲ್ಕು ಕಡೆ ತಿಂಗಳಿಗೊಮ್ಮೆ, ಮಳೆ ಬಂದಾಗ ಇನ್ನೂ ಹೆಚ್ಚು ಸಲ, ಬೆಳಗಿನ ಆರಕ್ಕೂ ಮಧ್ಯಾಹ್ನ ಎರಡಕ್ಕೂ ಮಾದರಿ ತೆಗೆಯಬೇಕು. ಸಮಯ ತಪ್ಪಿದರೆ ಲೆಕ್ಕ ತಪ್ಪುತ್ತದೆಂದು ಮೇಲಿನ ಮೀನಿನ ಪಾಠದಿಂದಲೇ ನಿಮಗೆ ತಿಳಿದಿದೆ. ಕರಗಿದ ಆಮ್ಲಜನಕವನ್ನು ಅಳೆಯಲು 1888ರಲ್ಲಿ ವಿಂಕ್ಲರ್ ಎಂಬ ವಿಜ್ಞಾನಿ ರೂಪಿಸಿದ ವಿಧಾನವನ್ನು ಇಂದಿಗೂ ಕಲಿಸುತ್ತಾರೆ. ನೀರಿನ ತಿಳಿತನವನ್ನು ಕಪ್ಪು-ಬಿಳುಪು ಬಳಿದ 20 ಸೆಂ.ಮೀ. ಅಗಲದ ಬಿಲ್ಲೆಯನ್ನು ಹಗ್ಗ ಕಟ್ಟಿ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳದಿಂದ ಅಳೆಯುತ್ತಾರೆ.

ಇನ್ನು ಲೆಕ್ಕ. ಮಳೆ ಬಂದ ದಿನ ಕಾಲುವೆಯಲ್ಲಿ ಸೆಕೆಂಡಿಗೆ 50 ಲೀಟರ್ ನೀರು ಹರಿಯುತ್ತಿದ್ದು, ಪ್ರತಿ ಲೀಟರಿನಲ್ಲಿ 0.5 ಮಿ.ಗ್ರಾಂ ರಂಜಕ ಇದೆಯೆಂದು ಊಹಿಸಿ. ಸೆಕೆಂಡಿಗೆ 25 ಮಿ.ಗ್ರಾಂ ಆಯಿತು, 24 ಗಂಟೆಗೆ 2.16 ಕಿ.ಗ್ರಾಂ. ಸುಮಾರು 200 ಕಿ.ಗ್ರಾಂ ಒಣ ಪಾಚಿಗೆ ಸಾಕಾಗುವಷ್ಟು ರಂಜಕ ಒಂದೇ ದಿನದಲ್ಲಿ ಬಂದಿತು. ಅದು ಊರಿನ ಚರಂಡಿ ಸೇರುವ ಜಾಗಕ್ಕಿಂತ ಮೇಲೆ ಎಷ್ಟಿತ್ತು, ಕೆಳಗೆ ಎಷ್ಟಿತ್ತು ಎಂದು ಹೋಲಿಸಿದರೆ ಹೊಲದ ಪಾಲೆಷ್ಟು, ಊರಿನ ಪಾಲೆಷ್ಟು ಎಂಬುದು ಬಯಲಾಗುತ್ತದೆ. ಆಮೇಲೆ ಹಣವನ್ನು ಚರಂಡಿಯ ಮೇಲೆ ಹಾಕಬೇಕೋ, ಬದುಗಳ ಮೇಲೆ ಹಾಕಬೇಕೋ ಎಂಬುದನ್ನು ಗ್ರಾಮಸಭೆ ತಿಳಿದು ತೀರ್ಮಾನಿಸಬಹುದು. ಎರಡನೆಯ ವರ್ಷದ ಕೊನೆಗೆ ಇದೆಲ್ಲವನ್ನೂ ಪ್ರಬಂಧವಾಗಿ ಬರೆದು ಮೌಖಿಕ ಪರೀಕ್ಷೆಯಲ್ಲಿ ಸಮರ್ಥಿಸಿಕೊಳ್ಳಬೇಕು.

ಈ ಕೆಲಸದಲ್ಲಿ ರೈತರ ಮಕ್ಕಳಿಗೆ ಒಂದು ಅನುಕೂಲವಿದೆ. ಹಳೆಯ ಕಾಲುವೆ ಯಾವ ಹೊಲದ ಪಕ್ಕ ಹಾಯುತ್ತಿತ್ತು, ಯಾವ ತಿಂಗಳಲ್ಲಿ ಗಾಳಿ ಪಾಚಿಯನ್ನು ಯಾವ ದಡಕ್ಕೆ ತಳ್ಳುತ್ತದೆ, ಕೋಡಿ ಕೊನೆಯ ಬಾರಿ ಬಿದ್ದದ್ದು ಯಾವಾಗ ಎಂಬುದು ನೀರುಗಂಟಿಯ ಮನೆಯವರಿಗೆ ಗೊತ್ತಿರುವಷ್ಟು ಪುಸ್ತಕದಲ್ಲಿ ಇರುವುದಿಲ್ಲ. ಉಪಕರಣ ಹಿಡಿಯುವುದನ್ನು ಆರು ತಿಂಗಳಲ್ಲಿ ಕಲಿಸಬಹುದು. ಕೆರೆಯನ್ನು ನೋಡುವ ಕಣ್ಣು ಬರಲು ಬಹಳ ವರ್ಷ ಬೇಕು. ಆ ಕಣ್ಣು ಇರುವವರೇ ಈ ವಿಜ್ಞಾನಕ್ಕೆ ಹೆಚ್ಚಾಗಿ ಬರಬೇಕಾಗಿದೆ.

ಸೇರುವ ಮೊದಲು ವಿಚಾರಿಸಬೇಕಾದ ಅಂಶಗಳು

1. ಮಾರ್ಗದರ್ಶಕರು ಯಾವ ವಿಷಯದಲ್ಲಿ ಕೆಲಸ ಮಾಡುತ್ತಿದ್ದಾರೆ, ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ ಎಂಬುದನ್ನು ಆ ವಿದ್ಯಾರ್ಥಿಗಳಿಂದಲೇ ಕೇಳಿ ತಿಳಿಯಬೇಕು.

2. ಶಿಷ್ಯವೇತನ ಖಚಿತವಾಗಿದೆಯೇ, ಎಷ್ಟು ತಿಂಗಳಿಗೊಮ್ಮೆ ಕೈಗೆ ಬರುತ್ತದೆ ಎಂದು ವಿಚಾರಿಸಬೇಕು. ಹಣ ಬರುವುದು ತಡವಾದರೆ ಮೂರು ನಾಲ್ಕು ತಿಂಗಳ ಊಟ-ವಸತಿಗೆ ಮನೆಯಿಂದ ಅನುಕೂಲ ಮಾಡಿಕೊಂಡಿರಬೇಕು.

3. ಪ್ರಯೋಗಾಲಯದಲ್ಲಿ ಬೇಕಾದ ಉಪಕರಣಗಳು ಕೆಲಸ ಮಾಡುವ ಸ್ಥಿತಿಯಲ್ಲಿವೆಯೇ ಎಂದು ಒಮ್ಮೆ ಹೋಗಿ ನೋಡುವುದು ಸೂಕ್ತ.

4. ಮುಂಜಾನೆ ಕೆರೆಗೆ, ದೋಣಿಯಲ್ಲಿ, ಮಳೆಯಲ್ಲಿ ಹೋಗಬೇಕಾಗುತ್ತದೆ. ಹೆಣ್ಣುಮಕ್ಕಳಿಗೆ ಜೊತೆಗಾರರು, ವಾಹನ, ವಸತಿನಿಲಯದ ವ್ಯವಸ್ಥೆ ಇದೆಯೇ ಎಂದು ಕೇಳಿಕೊಳ್ಳಬೇಕು. ಈ ವ್ಯವಸ್ಥೆ ಇರುವ ಕಡೆ ಅವರನ್ನು ತಡೆಯಲು ಯಾವ ಕಾರಣವೂ ಇಲ್ಲ.

5. ಸೇರುವವರಿಗೆ ಸ್ವತಃ ಆಸಕ್ತಿ ಇದೆಯೇ? ಮನೆಯವರ ಒತ್ತಾಯಕ್ಕೆ ಸೇರಿದವರು ಮಧ್ಯದಲ್ಲಿ ಬಿಡುವ ಸಂಭವ ಹೆಚ್ಚು.

ಓದಿದ ಮೇಲೆ ಕೆಲಸ

ಸರ್ಕಾರಿ ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲವೆಂಬುದನ್ನು ಮುಚ್ಚಿಡಬಾರದು. ಪದವಿ ಪಡೆದೊಡನೆ ಹುದ್ದೆ ಸಿಗುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ಆದರೆ ಕೆಲಸದ ಕ್ಷೇತ್ರಗಳು ಒಂದೆರಡಲ್ಲ. ಮೀನುಗಾರಿಕೆ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ, ಅಂತರ್ಜಲ ನಿರ್ದೇಶನಾಲಯ, ಕೃಷಿ ವಿಜ್ಞಾನ ಕೇಂದ್ರಗಳು, ವಿಶ್ವವಿದ್ಯಾಲಯಗಳು, ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆಗಳು ಒಂದು ಕಡೆ. ನೀರು ಪರೀಕ್ಷಾ ಪ್ರಯೋಗಾಲಯಗಳು, ಸಿಗಡಿ ಹಾಗೂ ಮೀನುಮರಿ ಉತ್ಪಾದನಾ ಕೇಂದ್ರಗಳು, ಮೀನಿನ ಆಹಾರ ತಯಾರಿಸುವ ಕಂಪನಿಗಳು, ಕೊಳಚೆ ಶುದ್ಧೀಕರಣ ಘಟಕಗಳು ಇನ್ನೊಂದು ಕಡೆ. ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ ಪರೀಕ್ಷೆಗಳ ಮೂಲಕ ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೂ ಹೋಗಬಹುದು. ಎಂ.ಎಫ್.ಎಸ್ಸಿ. ಮುಗಿಸಿ ಊರಿಗೆ ಮರಳಿ ಮೀನುಮರಿ ಪಾಲನೆಯನ್ನು ಸ್ವಂತ ಉದ್ಯೋಗವಾಗಿ ಕೈಗೊಳ್ಳುವುದೂ ಗೌರವದ ದಾರಿಯೇ. ಬೋಧನೆ ಮತ್ತು ಸಂಶೋಧನೆಯಲ್ಲೇ ಮುಂದುವರಿಯುವ ಇಚ್ಛೆಯಿದ್ದವರು ಪಿಎಚ್.ಡಿ. ಮಾಡಲಿ, ಉಳಿದವರಿಗೆ ಎರಡು ವರ್ಷದ ಪದವಿ ಸಾಕು.

ರೈತರು ಮಾಡಬಹುದಾದ ಸಹಾಯ

ನಿಮ್ಮ ಮನೆಯಲ್ಲಿ ಓದುವವರು ಇಲ್ಲದಿದ್ದರೂ ಈ ಕೆಲಸದಲ್ಲಿ ನಿಮ್ಮ ಪಾಲಿದೆ. ಬಾವಿಯ ನೀರು ಪರೀಕ್ಷೆಗೆಂದು ವಿದ್ಯಾರ್ಥಿಯೊಬ್ಬ ಬಂದರೆ ಅನುಮಾನಿಸದೆ, ಗುರುತಿನ ಚೀಟಿ ನೋಡಿ, ಮಾದರಿ ಕೊಡಿ. ಎಷ್ಟು ಗೊಬ್ಬರ ಹಾಕಿದಿರಿ, ಯಾವ ಔಷಧಿ ಸಿಂಪಡಿಸಿದಿರಿ ಎಂದು ಕೇಳಿದರೆ ನಿಜವನ್ನೇ ಹೇಳಿ. ಹೆಚ್ಚು ಕಡಿಮೆ ಹೇಳಿದರೆ ಅವರ ಎರಡು ವರ್ಷದ ದುಡಿಮೆಯೂ ತಪ್ಪುತ್ತದೆ, ನಿಮಗೆ ಬರುವ ಶಿಫಾರಸೂ ತಪ್ಪುತ್ತದೆ. ಅದಕ್ಕೆ ಪ್ರತಿಯಾಗಿ ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಊರಿಗೆ ತಿಳಿಸಬೇಕೆಂದು ಕೇಳಿ. ಅದು ನಿಮ್ಮ ಹಕ್ಕು.

ಕೆರೆಯ ಪಕ್ಕ ಜಮೀನಿದ್ದವರು ಒಂದು ನೋಟ್ ಪುಸ್ತಕದಲ್ಲಿ ಕೋಡಿ ಬಿದ್ದ ದಿನ, ನೀರು ಹಸಿರಾದ ತಿಂಗಳು, ಮೀನು ಸತ್ತ ದಿನ, ಅಂದಿನ ಹವೆ ಇಷ್ಟನ್ನು ಬರೆದಿಟ್ಟರೂ ಸಾಕು. ಮುಂದೆ ಆ ಕೆರೆಯನ್ನು ಅಭ್ಯಾಸ ಮಾಡಲು ಬರುವವರಿಗೆ, ಅವರು ನಿಮ್ಮ ಮೊಮ್ಮಕ್ಕಳೇ ಆಗಿರಬಹುದು, ಅದಕ್ಕಿಂತ ಬೆಲೆಬಾಳುವ ದಾಖಲೆ ಬೇರೊಂದು ಸಿಗಲಾರದು.

ಪ್ರವೇಶದ ದಿನಾಂಕ ಹಾಗೂ ಅರ್ಹತೆಯ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಆಸಕ್ತರು ಆಯಾ ವಿಶ್ವವಿದ್ಯಾಲಯದ ಆ ವರ್ಷದ ಪ್ರಕಟಣೆಯನ್ನು ನೋಡಿಯೇ ಅರ್ಜಿ ಸಲ್ಲಿಸತಕ್ಕದ್ದು. ನೀರಿನ ಮಾದರಿ ತೆಗೆಯುವ ಕ್ರಮ ಮತ್ತು ಪರೀಕ್ಷೆಯ ಬಗ್ಗೆ ತಿಳಿಯಬಯಸುವ ರೈತರು ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.